ಕಟ್ಟಬಲ್ಲ ಕೈ

ಹಗ್ಗದಲ್ಲಿ, ಹುರಿಯಲ್ಲಿ ಅಂದದ ಗಂಟುಗಳನ್ನು ಕಟ್ಟಿ ಚಾಪೆ, ಪಟ್ಟಿ, ಬಳೆ, ತೂಗುಬಲೆ ಇಂಥವನ್ನು ಮಾಡುವ ಹವ್ಯಾಸ ಇವತ್ತಿನ ವಿಷಯ. ಬಾನುಲಿಗೆ ಇದು ಒಗ್ಗುವ ವಿಷಯವೇ ಎಂದು ನೀವು ಕೇಳಬಹುದು. ಗಂಟನ್ನು ಇಲ್ಲಿ ತೋರಿಸುವ ಹಾಗಿಲ್ಲ, ಬಾಯಲ್ಲೇ ಹೇಳಬೇಕು. ಆದರೆ ಈ ತೊಡಕೇ ನನ್ನ ಮಾತಿಗೆ ಮೊದಲ ಸಾಕ್ಷಿ. ಗಂಟಿನ ತಿಳಿವಳಿಕೆ ಮಾತಿಗೆ ಸುಲಭವಾಗಿ ಸಿಗುವುದಿಲ್ಲ, ಚಿತ್ರಕ್ಕೂ ಅರ್ಧ ಮಾತ್ರ ಸಿಗುತ್ತದೆ. ಅದು ಇರುವುದು ಬೆರಳುಗಳಲ್ಲಿ. ಒಬ್ಬರ ಬೆರಳಿನಿಂದ ಇನ್ನೊಬ್ಬರ ಬೆರಳಿಗೆ ದಾಟಿಯೇ ಅದು ಇಷ್ಟು ಸಾವಿರ ವರ್ಷ ಬಂದಿದೆ. ಹಾಗೆ ದಾಟಿಸುವ ಕೆಲಸವನ್ನು ಬಹುಕಾಲ ಕಸುಬು ಮಾಡಿಕೊಂಡು ಬಂತು. ನಾವಿಕನಿಂದ ನಾವಿಕನಿಗೆ, ರೈತನಿಂದ ರೈತನಿಗೆ ಗಂಟು ದಾಟಿತು. ಕಸುಬು ನಿಂತ ಮೇಲೆ ಏನಾಗುತ್ತದೆ? ಖುಷಿಗಾಗಿ ಕಟ್ಟುವ ಜನ ಇದ್ದರೆ ಗಂಟು ಉಳಿಯುತ್ತದೆ, ಇಲ್ಲದಿದ್ದರೆ ಅಳಿಯುತ್ತದೆ. ಆದ್ದರಿಂದ ಅಂದಕ್ಕಾಗಿ ಗಂಟು ಕಟ್ಟುವ ಹವ್ಯಾಸವನ್ನು ಬರೀ ಕಾಲಹರಣವೆಂದು ತಳ್ಳಿಹಾಕಬಾರದು; ಅದು ಒಂದು ವಿದ್ಯೆಯನ್ನು ಕಾಪಾಡುವ ಕೆಲಸ. ಇದೇ ಇವತ್ತಿನ ನನ್ನ ವಾದ.

ಮೊದಲು ಅಂದಕ್ಕೂ ಉಪಯೋಗಕ್ಕೂ ಇರುವ ನಂಟನ್ನು ನೋಡೋಣ. ಕೈಗೆ ಒಂದು ತುಂಡು ದಾರ ಸಿಗುವುದಾದರೆ ತೆಗೆದುಕೊಳ್ಳಿ, ಮೊಣಕಾಲಿಗೆ ಬಳಸಿ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿಯಿರಿ. ಬಲಗೈಯ ತುದಿಯನ್ನು ಎಡಗೈಯ ತುದಿಯ ಮೇಲೆ ಹಾಯಿಸಿ, ಕೆಳಗಿನಿಂದ ಸುತ್ತಿ ಎಳೆಯಿರಿ. ಬಲಗೈಯಲ್ಲಿದ್ದ ತುದಿ ಈಗ ಎಡಗೈಗೆ ಬಂದಿದೆ. ಅದನ್ನೇ ಬಲಗೈಯ ತುದಿಯ ಮೇಲೆ ಹಾಯಿಸಿ, ಮತ್ತೆ ಸುತ್ತಿ ಎಳೆಯಿರಿ. ಸಪಾಟಾಗಿ, ಎರಡೂ ಬದಿ ಒಂದೇ ತೂಕವಾಗಿ ಒಂದು ಗಂಟು ಕೂರುತ್ತದೆ. ಶಾಲೆಯಲ್ಲಿ ಸ್ಕೌಟ್ಸ್ ಅಥವಾ ಗೈಡ್ಸ್ ಸೇರಿದವರು ಇದನ್ನು ರೀಫ್ ನಾಟ್ ಎಂದು ಗುರುತಿಸುತ್ತಾರೆ. ಎರಡನೆಯ ಸಲವೂ ಬಲವನ್ನೇ ಎಡದ ಮೇಲೆ ಹಾಯಿಸಿದಿರೋ, ಗಂಟು ಸೊಟ್ಟಗೆ ತಿರುಗಿ ನಿಲ್ಲುತ್ತದೆ. ಅದು ಗ್ರ್ಯಾನಿ ನಾಟ್. ಎರಡರಲ್ಲೂ ದಾರ ಅಷ್ಟೇ, ಸುತ್ತು ಅಷ್ಟೇ. ಬದಲಾದದ್ದು ಒಂದು ಹಾಯುವಿಕೆ ಮಾತ್ರ. ಆದರೂ ಒಂದು ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ.

ಇದು ಕೇವಲ ಅನುಭವದ ಮಾತಾಗಿ ಉಳಿದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಎಂಜಿನಿಯರುಗಳು ಶೂ ಲೇಸು ತಾನಾಗಿ ಬಿಚ್ಚಿಕೊಳ್ಳುವುದೇಕೆ ಎಂದು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಓಡುವಾಗ ಪಾದ ನೆಲಕ್ಕೆ ಅಪ್ಪಳಿಸುವ ರಭಸ ಗುರುತ್ವದ ಸುಮಾರು ಏಳು ಪಟ್ಟು. ಆ ಪೆಟ್ಟಿಗೆ ಗಂಟು ಸಡಿಲಾಗುತ್ತದೆ, ತೂಗಾಡುವ ತುದಿಗಳು ಅದನ್ನು ಹೊರಕ್ಕೆ ಎಳೆಯುತ್ತವೆ. ಗ್ರ್ಯಾನಿ ಮಾದರಿಯ ಗಂಟು ರೀಫ್ ಮಾದರಿಗಿಂತ ಬೇಗ ಸೋಲುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಗಣಿತಜ್ಞರೂ ಎಂಜಿನಿಯರುಗಳೂ ಸೇರಿ 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವಿವರಿಸಿದರು. ಒತ್ತಡ ಬಿದ್ದಲ್ಲಿ ಬಣ್ಣ ಬದಲಿಸುವ ಎಳೆಗಳಲ್ಲಿ ಗಂಟು ಕಟ್ಟಿ ಅವರು ನೋಡಿದ್ದು ಇದು: ರೀಫ್ ಗಂಟಿನಲ್ಲಿ ಎಳೆಗಳು ಒಂದಕ್ಕೊಂದು ವಿರುದ್ಧವಾಗಿ ತಿರುಚಿಕೊಳ್ಳಲು ಹೋಗಿ ಪರಸ್ಪರ ಬಿಗಿಹಿಡಿಯುತ್ತವೆ, ಗ್ರ್ಯಾನಿಯಲ್ಲಿ ಆ ಎದುರುಬದುರು ಹಿಡಿತ ಇರುವುದಿಲ್ಲ, ಗಂಟು ಉರುಳಿ ಜಾರುತ್ತದೆ. ನಮಗೆ ಇಲ್ಲಿ ಮುಖ್ಯವಾದದ್ದು, ಕಣ್ಣು ಈ ವ್ಯತ್ಯಾಸವನ್ನು ಮೊದಲೇ ಹಿಡಿದಿರುತ್ತದೆ ಎಂಬುದು. ನೆಟ್ಟಗೆ ಕೂತ ಗಂಟು ಸರಿ, ಸೊಟ್ಟಗೆ ನಿಂತದ್ದು ತಪ್ಪು. ಗಂಟಿನಲ್ಲಿ ಅಂದವೆಂದರೆ ಬಹಳ ಸಲ ಎಳೆಗಳು ತಮ್ಮ ತಮ್ಮ ಜಾಗದಲ್ಲಿ ಕೂತಿವೆ ಎಂಬುದರ ಗುರುತು. ಅಂದವಿದ್ದ ಮಾತ್ರಕ್ಕೆ ಎಲ್ಲ ಕೆಲಸಕ್ಕೂ ಒದಗುತ್ತದೆ ಎಂದಲ್ಲ. ಪೊಟ್ಟಣ ಕಟ್ಟಲು, ಪಟ್ಟಿ ಬಿಗಿಯಲು ಒಳ್ಳೆಯದಾದ ಇದೇ ರೀಫ್ ಗಂಟಿನಿಂದ ಎರಡು ಹಗ್ಗಗಳನ್ನು ಕೂಡಿಸಿ ಭಾರ ಹೇರಿದರೆ ಜೀವಕ್ಕೆ ಅಪಾಯ. ಇಂಥ ವಿವೇಕವೂ ಕಟ್ಟುವವರ ಬಳಗದಲ್ಲೇ ಉಳಿಯುವಂಥದ್ದು.

ಅಲಂಕಾರದ ಗಂಟುಗಳ ಅತಿ ದೊಡ್ಡ ಭಂಡಾರ ಬೆಳೆದದ್ದು ಹಾಯಿ ಹಡಗುಗಳಲ್ಲಿ. ಅಲ್ಲಿ ಅಲಂಕಾರ ಎಲ್ಲಿ ಮುಗಿಯಿತು, ಉಪಯೋಗ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಟರ್ಕ್ಸ್ ಹೆಡ್ ಎಂಬ ಗಂಟನ್ನು ನೋಡಿ. ಜಡೆ ಹೆಣೆದು ಅದನ್ನು ಕೋಲಿಗೆ ಬಳಸಿ, ತಲೆ ಎಲ್ಲಿ ಬುಡ ಎಲ್ಲಿ ಎಂದು ತಿಳಿಯದಂತೆ ಕೂಡಿಸಿದ ಹಾಗೆ ಕಾಣುತ್ತದೆ ಅದು. ನೋಡಿದವರು ಶೃಂಗಾರವೆಂದೇ ತಿಳಿಯುತ್ತಾರೆ. ಆದರೆ ಹಡಗಿನ ಚುಕ್ಕಾಣಿ ಚಕ್ರದ ಒಂದು ಹಿಡಿಗೆ ಮಾತ್ರ ಈ ಗಂಟನ್ನು ಕಟ್ಟುತ್ತಿದ್ದರು. ಆ ಹಿಡಿ ನೆಟ್ಟಗೆ ಮೇಲಿದ್ದರೆ ಚುಕ್ಕಾಣಿ ನಟ್ಟನಡುವೆ ಇದೆ ಎಂದರ್ಥ. ಕತ್ತಲೆಯಲ್ಲಿ ಚಕ್ರ ಹಿಡಿದವನು ಕಣ್ಣಿನ ನೆರವಿಲ್ಲದೆ ಕೈಯಿಂದಲೇ ಅದನ್ನು ತಿಳಿಯುತ್ತಿದ್ದ. ಹಡಗು ಹತ್ತುವ ಹಗ್ಗದ ತುದಿಯಲ್ಲಿನ ಗುಂಡು ಗಂಟು ಕೈ ಜಾರದಂತೆ ತಡೆಯುತ್ತಿತ್ತು. ಕಂಬಿಗಳಿಗೆ ಸುತ್ತಿದ ಏಣುಏಣಾದ ಹೆಣಿಗೆ ಒದ್ದೆ ಕೈಗೆ ಹಿಡಿತ ಕೊಡುತ್ತಿತ್ತು. ಹೆಣೆದ ಚಾಪೆಗಳು ಹಗ್ಗ ಮರಕ್ಕೆ ಉಜ್ಜಿ ಸವೆಯುವುದನ್ನು ತಪ್ಪಿಸುತ್ತಿದ್ದವು. ಮಂಕೀಸ್ ಫಿಸ್ಟ್ ಎಂಬ ಚೆಂಡಿನಂಥ ಗಂಟು ದಡಕ್ಕೆ ಎಸೆಯುವ ತೆಳು ಹಗ್ಗದ ತುದಿಗೆ ತೂಕ ಕೊಡುತ್ತಿತ್ತು. ಆ ತೆಳು ಹಗ್ಗವನ್ನು ಹಿಡಿದು ಎಳೆದರೆ ಹಿಂದೆಯೇ ಹಡಗನ್ನು ಕಟ್ಟುವ ದಪ್ಪ ಹಗ್ಗ ಬರುತ್ತಿತ್ತು. ಅಲಂಕಾರ ಕೆಲಸದ ಮೈಯಿಂದಲೇ ಹುಟ್ಟಿತ್ತು.

ಆಮೇಲೆ ಉಗಿ ಹಡಗು ಬಂತು, ಹಾಯಿ ಇಳಿಯಿತು. ಹಾಯಿ ಇಳಿದ ಮೇಲೆ ಹಗ್ಗ ಕಡಿಮೆಯಾಯಿತು, ಹಗ್ಗದ ಕೆಲಸ ಬಲ್ಲ ನಾವಿಕ ಬೇಡವಾದ. ಈ ಕೊನೆಗಾಲದಲ್ಲಿ, ಅಮೆರಿಕದ ತಿಮಿಂಗಿಲ ಬೇಟೆಯ ದೊಡ್ಡ ಬಂದರಾಗಿದ್ದ ನ್ಯೂ ಬೆಡ್‌ಫರ್ಡಿನಲ್ಲಿ 1881ರಲ್ಲಿ ಕ್ಲಿಫರ್ಡ್ ಆ್ಯಶ್ಲಿ ಹುಟ್ಟಿದ. ಕಸುಬಿನಿಂದ ಅವನು ಚಿತ್ರಕಾರ. 1904ರಲ್ಲಿ ಸನ್‌ಬೀಮ್ ಎಂಬ ತಿಮಿಂಗಿಲ ಬೇಟೆಯ ಹಡಗನ್ನು ಹತ್ತಿ ಆ ಬದುಕನ್ನು ಕಣ್ಣಾರೆ ಕಂಡ. ಗಂಟು ಅವನಿಗೆ ಹೊಟ್ಟೆಪಾಡಿನ ವಿಷಯವಾಗಿರಲಿಲ್ಲ, ಹುಚ್ಚು ಎನ್ನುವಷ್ಟು ಪ್ರೀತಿಯ ಹವ್ಯಾಸವಾಗಿತ್ತು. ಮುದಿ ನಾವಿಕರನ್ನಷ್ಟೇ ಅಲ್ಲ, ಕಟುಕರು, ಚಮ್ಮಾರರು, ರೈತರು, ಸರ್ಕಸ್ಸಿನವರು ಹೀಗೆ ಹಗ್ಗ ಹಿಡಿದ ಎಲ್ಲರನ್ನೂ ಅವನು ಗಮನಿಸಿದ. ಹನ್ನೊಂದು ವರ್ಷದ ದುಡಿಮೆಯ ಬಳಿಕ 1944ರಲ್ಲಿ ಅವನ ಗಂಟುಗಳ ಪುಸ್ತಕ ಹೊರಬಂತು. ಅದರಲ್ಲಿ 3,800ಕ್ಕೂ ಹೆಚ್ಚು ಅಂಕಿಹಾಕಿದ ನಮೂದುಗಳು, ಸುಮಾರು 7,000 ಚಿತ್ರಗಳು. ಇಂದಿಗೂ ಗಂಟು ಕಟ್ಟುವವರು ಒಂದು ಗಂಟನ್ನು ಖಚಿತವಾಗಿ ಹೇಳಬೇಕಾದರೆ ಆ ಪುಸ್ತಕದ ಅಂಕಿಯನ್ನೇ ಹೇಳುತ್ತಾರೆ. ನೌಕಾಪಡೆಯೋ ಹಡಗು ಕಂಪನಿಯೋ ಮಾಡದ ಈ ದಾಖಲೆಯನ್ನು ಒಬ್ಬ ಹವ್ಯಾಸಿ ಮಾಡಿದ.

ಹವ್ಯಾಸಿ ಬರೀ ಕಾವಲುಗಾರನಲ್ಲ, ವಿದ್ಯೆಗೆ ಹೊಸದನ್ನೂ ಸೇರಿಸುತ್ತಾನೆ. ಆ್ಯಶ್ಲಿ ಒಮ್ಮೆ ಸಿಂಪಿ ಹಿಡಿಯುವ ದೋಣಿಯೊಂದರಲ್ಲಿ ಉಬ್ಬಿದ, ಅಚ್ಚುಕಟ್ಟಾದ ಒಂದು ತಡೆಗಂಟನ್ನು ದೂರದಿಂದ ಕಂಡ. ಅದೇನೆಂದು ಊಹಿಸಿ ಕಟ್ಟಿ ಕಟ್ಟಿ ಕೊನೆಗೆ ಅಂಥದೊಂದನ್ನು ಸಾಧಿಸಿದ. ಆಮೇಲೆ ಹತ್ತಿರದಿಂದ ನೋಡಿದರೆ, ದೋಣಿಯಲ್ಲಿದ್ದದ್ದು ನೀರು ಕುಡಿದು ಊದಿಕೊಂಡಿದ್ದ ಮಾಮೂಲಿ ಎಂಟರಾಕಾರದ ಗಂಟು. ಆದರೆ ಆ್ಯಶ್ಲಿ ಕಟ್ಟಿದ್ದು ನಿಜಕ್ಕೂ ಹೊಸ ಗಂಟಾಗಿತ್ತು. ಇವತ್ತು ಅದು ಅವನ ಹೆಸರಿನಲ್ಲೇ ಬಳಕೆಯಲ್ಲಿದೆ. 1978ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಎಡ್ವರ್ಡ್ ಹಂಟರ್ ಎಂಬ ನಿವೃತ್ತ ವೈದ್ಯರು ಎರಡು ಹಗ್ಗ ಕೂಡಿಸುವ ಹೊಸ ಗಂಟನ್ನು ಕಂಡುಹಿಡಿದರೆಂದು ಮುಖಪುಟದಲ್ಲಿ ಸುದ್ದಿ ಮಾಡಿತು. ಅದೇ ಗಂಟನ್ನು ಫಿಲ್ ಸ್ಮಿತ್ ಎಂಬ ಅಮೆರಿಕದ ಪರ್ವತಾರೋಹಿ 1950ರ ದಶಕದಲ್ಲೇ ವಿವರಿಸಿದ್ದ ಎಂದು ನಂತರ ಬೆಳಕಿಗೆ ಬಂತು. ಚರ್ಚೆ ಎದ್ದಿತು, ಅಲ್ಲಲ್ಲಿ ಒಂಟಿಯಾಗಿ ಹಗ್ಗ ಹಿಡಿದು ಕೂತಿದ್ದವರು ಪರಸ್ಪರ ಪರಿಚಯವಾದರು. ಜೆಫ್ರಿ ಬಡ್ವರ್ತ್ ಮತ್ತು ಡೆಸ್ ಪಾಸನ್ ಮುಂದಾಳತ್ವದಲ್ಲಿ 1982ರಲ್ಲಿ ಇಂಗ್ಲೆಂಡಿನಲ್ಲಿ ಗಂಟು ಕಟ್ಟುವವರ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಪಾಸನ್ ಮುಂದೆ ಇಪ್ಸ್‌ವಿಚ್ಚಿನ ತಮ್ಮ ಮನೆಯಂಗಳದಲ್ಲೇ ನಾವಿಕರ ಹಗ್ಗಕೆಲಸದ ವಸ್ತುಸಂಗ್ರಹಾಲಯವನ್ನು ನಡೆಸಿದರು. ಸಾವಿರಾರು ವರ್ಷ ಹಡಗು ನಡೆಸಿದವರಿಗೆ ಹೊಳೆಯದ ಗಂಟು ಒಬ್ಬ ವೈದ್ಯರ ಬಿಡುವಿನಲ್ಲಿ ಹೊಳೆಯಬಹುದು ಎಂದಾದರೆ, ಬಿಡುವಿಗೂ ಒಂದು ಬೆಲೆಯಿದೆ.

ಈಗ ಇದಕ್ಕೆ ವಿರುದ್ಧವಾದ ಉದಾಹರಣೆ. ದಕ್ಷಿಣ ಅಮೆರಿಕದ ಇಂಕಾ ಸಾಮ್ರಾಜ್ಯದಲ್ಲಿ ಲೆಕ್ಕಪತ್ರವೆಲ್ಲ ಹುರಿಗಳಲ್ಲಿತ್ತು. ಒಂದು ದಪ್ಪ ಹುರಿ, ಅದರಿಂದ ಇಳಿಬಿಟ್ಟ ಹತ್ತಾರು, ಕೆಲವೊಮ್ಮೆ ನೂರಾರು ಬಣ್ಣದ ಎಳೆಗಳು, ಎಳೆಗಳಲ್ಲಿ ಗಂಟುಗಳು. ಇದಕ್ಕೆ ಕಿಪು ಎಂದು ಹೆಸರು. ಅದನ್ನು ಕಟ್ಟಿ ಓದುವುದು ಒಂದು ಅಧಿಕಾರಿ ವರ್ಗದ ಕಸುಬಾಗಿತ್ತು. ಸ್ಪೇನಿನವರು ಬಂದರು. 1583ರಲ್ಲಿ ಲಿಮಾದಲ್ಲಿ ಸೇರಿದ ಕ್ರೈಸ್ತ ಧರ್ಮಸಭೆ ಕಿಪುಗಳನ್ನು ಹಳೆಯ ಪೂಜೆಯ ಸಾಧನವೆಂದು ಬಗೆದು ನಾಶಮಾಡಲು ಹೇಳಿತು. ಓದಬಲ್ಲವರು ಕ್ರಮೇಣ ಇಲ್ಲವಾದರು. ಉಳಿದ ಸಾವಿರಕ್ಕೂ ಹೆಚ್ಚು ಕಿಪುಗಳು ಈಗ ಜಗತ್ತಿನ ಸಂಗ್ರಹಾಲಯಗಳಲ್ಲಿ ಜೋಪಾನವಾಗಿವೆ. ಅಮೆರಿಕದ ಲೆಲ್ಯಾಂಡ್ ಲಾಕ್ 1923ರ ತನ್ನ ಪುಸ್ತಕದಲ್ಲಿ ಅವುಗಳಲ್ಲಿನ ಅಂಕಿಗಳನ್ನು ಬಿಡಿಸಿ ತೋರಿಸಿದ. ಹುರಿಯ ತುದಿಯ ಕಡೆ ಬಿಡಿ, ಮೇಲಕ್ಕೆ ಹೋದಂತೆ ಹತ್ತು, ನೂರು, ಸಾವಿರ. ನಮ್ಮ ಹಾಗೆಯೇ ದಶಮಾನ ಸ್ಥಾನಗಳು. ಬಿಡಿ ಸ್ಥಾನದಲ್ಲಿ ಸುತ್ತುಗಳನ್ನು ಎಣಿಸಬೇಕಾದ ಉದ್ದ ಗಂಟು, ಒಂದಕ್ಕೆ ಎಂಟರಾಕಾರದ ಗಂಟು. ಅಷ್ಟರಮಟ್ಟಿಗೆ ಓದು ಮರಳಿ ಬಂತು. ಆದರೆ ಲೆಕ್ಕಕ್ಕೆ ಸಿಗದ ಕಿಪುಗಳು ಇನ್ನೂ ಬಾಯಿಬಿಟ್ಟಿಲ್ಲ. ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ವಿದ್ಯೆ ಉಳಿದಂತಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ವಸ್ತುವಿನ ಕಥೆ ಹೀಗಾದರೆ ಬರಹದ ಕಥೆ ಇನ್ನೊಂದು. ಕ್ರಿಸ್ತಶಕ ಒಂದನೆಯ ಶತಮಾನದ ಹೆರಾಕ್ಲಸ್ ಎಂಬ ಗ್ರೀಕ್ ವೈದ್ಯ, ಮುರಿದ ಮೂಳೆಗಳಿಗೆ ಆಧಾರ ಕೊಡುವ ಗಂಟು ಕುಣಿಕೆಗಳನ್ನು ಹಂತಹಂತವಾಗಿ ಬರೆದಿಟ್ಟ. ಆ ಬರಹ ನಮಗೆ ದಕ್ಕಿದ್ದು ನಾಲ್ಕನೆಯ ಶತಮಾನದ ಒರಿಬಾಸಿಯಸ್ ಎಂಬ ವೈದ್ಯ ತನ್ನ ಸಂಕಲನದಲ್ಲಿ ಸೇರಿಸಿಕೊಂಡದ್ದರಿಂದ. ಪದಗಳು ಉಳಿದವು, ಆದರೆ ಪದಗಳಿಂದ ಗಂಟು ತಾನಾಗಿ ಎದ್ದು ಬರಲಿಲ್ಲ. ಮುರಿದ ದವಡೆಗೆ ಹೇಳಿದ್ದ ಒಂದು ಕಟ್ಟು ಯಾವುದು ಎಂಬುದನ್ನು 1945ರಲ್ಲಿ ಲಾರೆನ್ಸ್ ಮಿಲ್ಲರ್ ಎಂಬ ವಿದ್ವಾಂಸ ಗುರುತಿಸಿದ. ಅದು ಮಕ್ಕಳು ಕೈಬೆರಳುಗಳಿಗೆ ದಾರ ಸಿಕ್ಕಿಸಿ ಆಡುವ ದಾರದಾಟದ ಒಂದು ಆಕೃತಿಯಾಗಿತ್ತು. ವೈದ್ಯಶಾಸ್ತ್ರ ಮರೆತದ್ದನ್ನು ಆಟ ನೆನಪಿಟ್ಟಿತ್ತು. ತೈವಾನಿನಲ್ಲಿಯೂ ಹೀಗೆಯೇ ಆಯಿತು. ಚೀನಾದ ಹಳೆಯ ರೇಷ್ಮೆ ಹುರಿಯ ಅಲಂಕಾರ ಗಂಟುಗಳು ಉಡುಪು ಬದಲಾದಂತೆ ಮನೆಗಳಿಂದ ಮರೆಯಾಗುತ್ತ ಬಂದಿದ್ದವು. ಲಿಡಿಯಾ ಚೆನ್ ಎಂಬ ಸಂಶೋಧಕಿ ಹಳೆಯ ವಸ್ತುಗಳನ್ನು ಪರೀಕ್ಷಿಸಿ, ಬಲ್ಲ ಹಿರಿಯರನ್ನು ಕೇಳಿ, ಕಟ್ಟಿ ಬಿಚ್ಚಿ ಕಟ್ಟಿ, ಹನ್ನೊಂದು ಮೂಲ ಗಂಟುಗಳಿಗೆ ಆ ಕಲೆಯನ್ನು ಬಿಡಿಸಿಟ್ಟರು. 1980ರ ದಶಕದ ಆರಂಭದಲ್ಲಿ ಬಂದ ಅವರ ಪುಸ್ತಕದಿಂದ ಅದು ಮನೆಮನೆಯ ಹವ್ಯಾಸವಾಗಿ ಹರಡಿತು. ಇವತ್ತು ಚೀನೀ ಹೊಸ ವರ್ಷಕ್ಕೆ ಬಾಗಿಲಲ್ಲಿ ತೂಗುವ ಕೆಂಪು ಗಂಟುಗಳನ್ನು ಜಗತ್ತೇ ಬಲ್ಲದು.

ಈ ವಾದಕ್ಕೆ ಎದುರು ಹೇಳುವವರಿದ್ದಾರೆ. ಅವರ ಮಾತನ್ನೂ ಕೇಳಬೇಕು. ಮೊದಲನೆಯ ಆಕ್ಷೇಪ: ಈಗ ಎಲ್ಲಕ್ಕೂ ವಿಡಿಯೋ ಇದೆ, ಮೊಬೈಲಿನಲ್ಲಿ ಹುಡುಕಿದರೆ ಯಾವ ಗಂಟಾದರೂ ಸಿಗುತ್ತದೆ, ಹವ್ಯಾಸಿಗಳು ಕಾಪಾಡುವುದೇನಿದೆ? ವಿಡಿಯೋ ದೊಡ್ಡ ಸಹಾಯ, ಅನುಮಾನವಿಲ್ಲ. ಬಾಯಿಮಾತಿಗಿಂತ, ನಿಂತ ಚಿತ್ರಕ್ಕಿಂತ ಅದು ಎಷ್ಟೋ ಮೇಲು. ಆದರೆ ಅದರಲ್ಲಿ ಕಾಣುವುದು ಯಾವುದೋ ಒಂದು ಬಲ್ಲ ಕೈ. ಆ ಕೈ ಇಲ್ಲದೆ ವಿಡಿಯೋ ಇಲ್ಲ. ಇನ್ನೂ ಒಂದು ವಿಷಯವಿದೆ. ನೋಡಿ ಅನುಸರಿಸಿ ಒಮ್ಮೆ ಕಟ್ಟಿದ ಗಂಟು ಮಾರನೆಯ ದಿನ ಕೈಗೆ ಬರುವುದಿಲ್ಲ. ಬೇರೆ ದಪ್ಪದ ಹಗ್ಗ ಸಿಕ್ಕಾಗ, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾದಾಗ, ಹೆಣಿಗೆಯ ನಡುವೆ ಒಂದು ಎಳೆ ತಪ್ಪಿದಾಗ ಏನು ಮಾಡಬೇಕೆಂಬುದು ಮತ್ತೆ ಮತ್ತೆ ಕಟ್ಟಿದವರಿಗೇ ಗೊತ್ತು. ಮತ್ತೆ ಮತ್ತೆ ಕಟ್ಟಲು ಒಂದು ಕಾರಣ ಬೇಕು. ಕಸುಬಿದ್ದಾಗ ಕೂಲಿ ಆ ಕಾರಣವಾಗಿತ್ತು. ಕಸುಬಿಲ್ಲದಾಗ ಅಂದವೇ ಆ ಕಾರಣ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. ಹವ್ಯಾಸಿಗಳು ಚಂದದ ಗಂಟುಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ, ಕುರೂಪಿಯಾದರೂ ಕೆಲಸಕ್ಕೆ ಬರುವ ಗಂಟುಗಳನ್ನು ಬಿಡುತ್ತಾರೆ. ಆಗ ಉಳಿಯುವುದು ವಿದ್ಯೆಯ ಮೇಲುಸಿಪ್ಪೆಯಷ್ಟೇ. ಇದರಲ್ಲಿ ನಿಜವಿದೆ. ಈಗ ಪೇಟೆಗಳಲ್ಲಿ ಕಾಣುವ ಮ್ಯಾಕ್ರಮೆಯ, ಅಂದರೆ ಹುರಿಯನ್ನು ಗಂಟುಹಾಕಿ ಹೆಣೆಯುವ ಕಲೆಯ, ಗೋಡೆ ತೂಗುಗಳಲ್ಲಿ ಬಹುಪಾಲು ಮೂರು ನಾಲ್ಕು ಗಂಟುಗಳೇ ತಿರುಗಿ ತಿರುಗಿ ಬರುತ್ತವೆ. ಅಷ್ಟಕ್ಕೇ ನಿಂತರೆ ಉಳಿಯುವುದು ಅಷ್ಟೇ. ಆದರೆ ಹವ್ಯಾಸ ಸಾಮಾನ್ಯವಾಗಿ ಅಷ್ಟಕ್ಕೆ ನಿಲ್ಲುವುದಿಲ್ಲ. ಚಂದದ ಹೆಣಿಗೆಯೊಂದನ್ನು ಮುಗಿಸಬೇಕಾದರೆ ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ದಾರ ಸುತ್ತಿ ಬಿಗಿಯುವುದನ್ನು ಕಲಿಯಬೇಕು. ತೂಗು ಹಾಕಬೇಕಾದರೆ ಭಾರ ಹೊರುವ ಗಂಟು ಬೇಕು. ಹುರಿ ಗಿಡ್ಡವಾದರೆ ಕೂಡಿಸುವುದು ಗೊತ್ತಿರಬೇಕು. ಅಲಂಕಾರದ ಬಾಗಿಲಿನಿಂದ ಒಳಬಂದವರು ಕೆಲಸದ ಮನೆಗೂ ಕಾಲಿಡಲೇಬೇಕಾಗುತ್ತದೆ. ಆ್ಯಶ್ಲಿಯ ಪುಸ್ತಕದಲ್ಲಿ ಶೃಂಗಾರದ ಗಂಟುಗಳ ಪಕ್ಕದಲ್ಲೇ ಮೂಟೆಯ ಬಾಯಿ ಕಟ್ಟುವ ಗಂಟುಗಳೂ ಇವೆ. ಆಕ್ಷೇಪವನ್ನು ಎಚ್ಚರಿಕೆಯೆಂದು ಒಪ್ಪೋಣ, ಹವ್ಯಾಸವನ್ನು ಬಿಡಲು ಅದು ಕಾರಣವಾಗದಿರಲಿ.

ಮೂರನೆಯ ಆಕ್ಷೇಪ ನ್ಯಾಯದ್ದು. ಹಗ್ಗ ಹೊಸೆಯುವುದು ಬಡವರ ಕೆಲಸ. ಅಂಗೈ ಸವೆಸಿಕೊಂಡು ತೆಂಗಿನ ನಾರು ಹೊಸೆದವರ ದುಡಿಮೆಯನ್ನು ಹೊಟ್ಟೆ ತುಂಬಿದವರು ಆಟ ಮಾಡಿಕೊಳ್ಳುವುದು ಸರಿಯೇ? ಈ ಪ್ರಶ್ನೆಗೆ ಎರಡು ಉತ್ತರ. ಒಂದು, ಅಂದದ ಗಂಟುಗಳನ್ನು ಕಂಡುಹಿಡಿದವರು ಉಳ್ಳವರಲ್ಲ. ಮೂರು ನಾಲ್ಕು ವರ್ಷ ಮನೆ ಕಾಣದೆ ತಿಮಿಂಗಿಲದ ಬೆನ್ನುಹತ್ತಿ ಹೋಗುತ್ತಿದ್ದ, ಓದುಬರಹವೂ ಸರಿಯಾಗಿ ಬಾರದಿದ್ದ ನಾವಿಕರು ಕೆಲಸದ ನಡುವಿನ ಬಿಡುವಿನಲ್ಲಿ ತಮ್ಮ ಪೆಟ್ಟಿಗೆಯ ಹಿಡಿಗಳಿಗೆ, ಗಂಟೆಯ ಹಗ್ಗಗಳಿಗೆ ಅವನ್ನು ಕಟ್ಟಿದರು. ದುಡಿಯುವವನಿಗೂ ಅಂದದ ಹಸಿವಿದೆ ಎಂಬುದನ್ನು ಆ ಗಂಟುಗಳೇ ಹೇಳುತ್ತವೆ. ಎರಡು, ಹಗ್ಗದ ಕೆಲಸ ಕೀಳು ಎಂಬ ಭಾವನೆಗೆ ಕನ್ನಡನಾಡು ಹನ್ನೆರಡನೆಯ ಶತಮಾನದಲ್ಲೇ ಉತ್ತರ ಕೊಟ್ಟಿದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಅದರಿಂದಲೇ ದಾಸೋಹ ನಡೆಸಿದ ನುಲಿಯ ಚಂದಯ್ಯ ಶರಣರ ಸಾಲಿನಲ್ಲಿ ವಚನಕಾರನಾಗಿ ನಿಂತವನು. ಅವನ ಕಾಯಕವೇ ಅವನ ಹೆಸರಾಯಿತು. ಹವ್ಯಾಸಿಗೆ ಇದರಿಂದ ಬರುವ ಹೊಣೆ ಸ್ಪಷ್ಟ. ಕಲಿತದ್ದು ಯಾರಿಂದ ಎಂದು ಹೇಳಬೇಕು, ನಾರಿನ ಹಗ್ಗ ಕೊಳ್ಳುವಾಗ ಹೊಸೆದವರೊಡನೆ ಚೌಕಾಸಿಗೆ ಇಳಿಯಬಾರದು.

ಇನ್ನು ಕಟ್ಟುವವರಿಗೆ ಇದರಿಂದ ಸಿಗುವುದೇನು? ಮನಸ್ಸಿಗೆ ನೆಮ್ಮದಿ ಎಂದು ಎಲ್ಲ ಹವ್ಯಾಸಗಳ ಬಗ್ಗೆಯೂ ಹೇಳುತ್ತಾರೆ, ಅದನ್ನು ನಾನು ಮತ್ತೆ ಹೇಳಬೇಕಿಲ್ಲ. ಗಂಟಿನದೇ ಆದ ಲಾಭ ಬೇರೆ ಇದೆ: ಅದು ಮೋಸವನ್ನು ಸಹಿಸುವುದಿಲ್ಲ. ಟರ್ಕ್ಸ್ ಹೆಡ್ಡನ್ನೇ ಮತ್ತೆ ತೆಗೆದುಕೊಳ್ಳಿ. ಅದರಲ್ಲಿ ಎರಡು ಲೆಕ್ಕಗಳಿವೆ: ಪಟ್ಟಿಯ ಅಗಲಕ್ಕೆ ಎಷ್ಟು ಎಳೆ, ಅಂಚಿನಲ್ಲಿ ಎಷ್ಟು ಬಾಗು. ಮೂರು ಎಳೆ, ನಾಲ್ಕು ಬಾಗು ಇಟ್ಟರೆ ಒಂದೇ ಹುರಿ ಇಡೀ ಗಂಟನ್ನು ಸುತ್ತಿ ಹೊರಟ ಜಾಗಕ್ಕೆ ಬಂದು ಸೇರುತ್ತದೆ. ಮೂರು ಎಳೆ, ಆರು ಬಾಗು ಇಟ್ಟರೆ ಏನು ಮಾಡಿದರೂ ಒಂದು ಹುರಿಯಲ್ಲಿ ಆಗುವುದಿಲ್ಲ, ಮೂರು ಬೇರೆಬೇರೆ ಹುರಿಗಳು ಬೇಕು. ನಿಯಮ ಸರಳ: ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟು ಹುರಿ. ಶಾಲೆಯಲ್ಲಿ ಮ.ಸಾ.ಅ. ಎಂದು ಬಾಯಿಪಾಠ ಮಾಡಿ ಬಿಟ್ಟದ್ದು ಇಲ್ಲಿ ಬೆರಳಿಗೆ ಎಟುಕುತ್ತದೆ. ಚುಕ್ಕಿಗಳ ಸುತ್ತ ಎಳೆ ಬಳಸಿ ರಂಗೋಲಿ ಬಿಡುವವರಿಗೆ ಈ ಪ್ರಶ್ನೆ ಹೊಸದಲ್ಲ. ಕೈ ಎತ್ತದೆ ಒಂದೇ ಎಳೆಯಲ್ಲಿ ಮುಗಿಯುತ್ತದೆಯೋ, ಎರಡು ಮೂರು ಎಳೆ ಬೇಕೋ ಎಂಬುದನ್ನು ಅಂಗಳದಲ್ಲಿ ಕೂತು ಎಷ್ಟೋ ತಲೆಮಾರಿನ ಹೆಂಗಸರು ಲೆಕ್ಕಹಾಕಿದ್ದಾರೆ. ಗಣಿತವನ್ನು ಮಕ್ಕಳಿಗೆ ಕೈಯ ಮೂಲಕ ಕಲಿಸಬೇಕೆನ್ನುವ ಮೇಷ್ಟ್ರಿಗೆ ಒಂದೆರಡು ಮಾರು ಹುರಿಗಿಂತ ಅಗ್ಗದ ಸಾಧನ ಸಿಗಲಾರದು.

ಈಗ ನಮ್ಮ ಮನೆಗಳ ಕಡೆ ತಿರುಗೋಣ. ಹಾಯಿ ಹಡಗಿನ ಗಂಟುಗಳಿಗೆ ಒಬ್ಬ ಆ್ಯಶ್ಲಿ ಸಿಕ್ಕಿದ. ನಮ್ಮಲ್ಲಿ ಕಣ್ಣೆದುರಿಗೇ ಕಸುಬಿನಿಂದ ಜಾರುತ್ತಿರುವ ಹಗ್ಗದ ಕೆಲಸಗಳು ಎಷ್ಟಿವೆ ನೋಡಿ. ಹಾಲು ಮೊಸರು ಬೆಣ್ಣೆಯ ಗಡಿಗೆಗಳನ್ನು ಬೆಕ್ಕು ಇರುವೆಗಳಿಗೆ ಸಿಗದಂತೆ ತೊಲೆಗೆ ತೂಗುಹಾಕುತ್ತಿದ್ದ ನೆಲವು, ಬೆಣ್ಣೆ ಕದಿಯುವ ಕೃಷ್ಣನ ಚಿತ್ರಗಳಲ್ಲಿ ಉಳಿದು, ಫ್ರಿಜ್ಜು ಬಂದ ಮನೆಗಳಿಂದ ಹೊರಟುಹೋಗಿದೆ. ಹಗ್ಗ ಹೆಣೆದ ಹೊರಸಿನ ಬದಲು ಪ್ಲಾಸ್ಟಿಕ್ ಪಟ್ಟಿಯ ಮಡಚು ಮಂಚ ಬಂದಿದೆ. ಮಲೆನಾಡಿನಲ್ಲಿ ಅಡಿಕೆ ಮರ ಹತ್ತುವವರು ಕಾಲಿಗೆ ಹಾಕುವ ತಳೆಯ ಜಾಗಕ್ಕೆ ನೆಲದಿಂದಲೇ ಕೊನೆ ಕೊಯ್ಯುವ ಫೈಬರ್ ದೋಟಿ ಬರುತ್ತಿದೆ. ಉತ್ತರ ಕರ್ನಾಟಕದಲ್ಲಿ ಪುಂಡಿ ನಾರಿನಿಂದ ಹೊಸೆಯುತ್ತಿದ್ದ ಹಗ್ಗದ ಜಾಗವನ್ನು ನೈಲಾನ್ ಹಿಡಿದಿದೆ. ಆದರೂ ಕಾರಹುಣ್ಣಿಮೆಯ ಹೊತ್ತಿಗೆ ಎತ್ತುಗಳಿಗೆ ಹೊಸ ಮೂಗುದಾರ, ಬಣ್ಣದ ಗೊಂಡೆ, ಹಣೆಪಟ್ಟಿ ಬೇಕೇ ಬೇಕು. ಈ ಬದಲಾವಣೆಗಳಲ್ಲಿ ಕೆಲವು ಒಳ್ಳೆಯವೇ. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ ದೋಟಿ ಮೇಲು, ನೆಲವಿಗಿಂತ ಫ್ರಿಜ್ಜಿನಲ್ಲಿ ಹಾಲು ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಹಳೆಯದನ್ನು ಕೆಲಸಕ್ಕೆ ಮರಳಿ ಹಚ್ಚಬೇಕೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ನೆಲವಿನ ಕಟ್ಟುವಿಕೆ ಗೊತ್ತಿದ್ದರೆ ಅದರಲ್ಲಿ ಮನಿಪ್ಲಾಂಟಿನ ಕುಂಡ ತೂಗಬಹುದು. ಪೇಟೆಯ ಅಂಗಡಿಯಲ್ಲಿ ಮ್ಯಾಕ್ರಮೆ ಹ್ಯಾಂಗರ್ ಎಂದು ದುಡ್ಡು ಕೊಟ್ಟು ತರುವುದು ರಚನೆಯಲ್ಲಿ ಅದೇ ನೆಲವು. ಹಿಂದೊಮ್ಮೆ ನಮ್ಮ ಹೆಂಗಸರು ಪ್ಲಾಸ್ಟಿಕ್ ವೈರಿನ ಬುಟ್ಟಿಗಳನ್ನು ಬೀದಿಬೀದಿಯಲ್ಲಿ ಹೆಣೆದದ್ದು ನೆನಪಿದ್ದರೆ, ಕೈಗೆ ಕೆಲಸ ಸಿಕ್ಕರೆ ಕಲಿಕೆ ಎಷ್ಟು ಬೇಗ ಹಬ್ಬುತ್ತದೆ ಎಂಬುದೂ ತಿಳಿದಿರುತ್ತದೆ.

ಶುರುಮಾಡಲು ದೊಡ್ಡ ಸಿದ್ಧತೆ ಬೇಡ. ನಾಲ್ಕು ಮಿಲಿಮೀಟರ್ ದಪ್ಪದ ಹತ್ತಿಯ ಹುರಿ ಮೂರು ಮೀಟರ್ ಇದ್ದರೆ ಮೂರು ಎಳೆ ನಾಲ್ಕು ಬಾಗಿನ ಟರ್ಕ್ಸ್ ಹೆಡ್ಡನ್ನು ಸ್ಟೀಲ್ ಲೋಟದ ಸುತ್ತ ಕಟ್ಟಿ, ಅದೇ ದಾರಿಯಲ್ಲಿ ಇನ್ನೆರಡು ಸುತ್ತು ಹಾಯಿಸಿ ತುಂಬಬಹುದು. ಸ್ಕೌಟ್ ಶಿಕ್ಷಕರ ಉನ್ನತ ತರಬೇತಿ ಮುಗಿಸಿದವರು ಸ್ಕಾರ್ಫಿಗೆ ತೊಡುವ ಚರ್ಮದ ಉಂಗುರವೂ ಇದೇ ಜಾತಿಯ ಗಂಟು. ಲೋಟದ ಸುತ್ತ ಕಟ್ಟಿದ ಗಂಟನ್ನೇ ಅಗಲಿಸಿ ಸಪಾಟು ಮಾಡಿದರೆ ಬಿಸಿ ಪಾತ್ರೆ ಇಡುವ ಮಣೆಚಾಪೆಯಾಗುತ್ತದೆ. ಅದಕ್ಕೆ ಹತ್ತಿ ಅಥವಾ ತೆಂಗಿನ ನಾರು ಆಗಬೇಕು, ಶಾಖಕ್ಕೆ ಕರಗುವ ನೈಲಾನ್ ಬೇಡ. ಕಲಿಯುವಾಗ ನುಣುಪಾದ ಹುರಿ ಜಾರುತ್ತದೆ, ಅತಿ ತೆಳು ದಾರ ಕಣ್ಣಿಗೆ ಕಾಣುವುದಿಲ್ಲ, ಇವೆರಡನ್ನೂ ಬಿಡಿ. ಮೊದಲು ಸಡಿಲವಾಗಿ ಕಟ್ಟಿ, ಎಲ್ಲ ಎಳೆ ಸರಿಯಾಗಿದೆ ಎಂದ ಮೇಲೆ ಸ್ವಲ್ಪಸ್ವಲ್ಪವಾಗಿ ಬಿಗಿಮಾಡುತ್ತ ಬನ್ನಿ. ಎರಡು ಎಚ್ಚರಿಕೆ. ಮಂಕೀಸ್ ಫಿಸ್ಟಿನ ಒಳಗೆ ಕಬ್ಬಿಣದ ಗುಂಡು ಇಡುವ ಹಳೆಯ ಅಭ್ಯಾಸ ಬೇಡ. ತಲೆಗೆ ತಗುಲಿದರೆ ಅದು ಆಯುಧ, ಬ್ರಿಟನ್ನಿನ ವ್ಯಾಪಾರಿ ಹಡಗುಗಳ ಸುರಕ್ಷತಾ ಸಂಹಿತೆ ಅದಕ್ಕೆ ಒಪ್ಪುವುದಿಲ್ಲ. ಯಾವ ಗಂಟಾದರೂ ಹಗ್ಗದ ಬಲವನ್ನು ಕುಗ್ಗಿಸುತ್ತದೆ, ಕೆಲವು ಅರ್ಧದಷ್ಟು ಕುಗ್ಗಿಸುತ್ತವೆ. ಆದ್ದರಿಂದ ಅಲಂಕಾರಕ್ಕೆ ಕಟ್ಟಿದ ಹುರಿಯಲ್ಲಿ ಮನುಷ್ಯರ ಭಾರ ಎಂದೂ ಹೊರಿಸಬೇಡಿ.

ಕೇಳುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ, ಊರಿನಲ್ಲಿ ನೆಲವು ಕಟ್ಟಬಲ್ಲ ಅಜ್ಜಿ, ಹೊರಸು ಹೆಣೆಯಬಲ್ಲ ಅಜ್ಜ, ಎತ್ತಿಗೆ ಮೂಗುದಾರ ಹೊಸೆಯುವ ಯಜಮಾನರು, ಮೂಟೆಗೆ ಒಂದೇ ಎಳೆತಕ್ಕೆ ಬಿಚ್ಚುವ ಜೀರುಗುಣಿಕೆ ಹಾಕುವ ಹಮಾಲಿ ಅಣ್ಣಂದಿರು ಯಾರಾದರೂ ಇದ್ದಾರೆಯೇ ನೋಡಿ. ಇದ್ದರೆ ಈ ವಾರವೇ ಒಂದು ತುಂಡು ಹಗ್ಗ ತೆಗೆದುಕೊಂಡು ಅವರ ಬಳಿ ಹೋಗಿ. ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ, ಆ ಗಂಟಿಗೆ ಅವರು ಹೇಳುವ ಹೆಸರನ್ನು, ಅವರ ಊರಿನ ಹೆಸರನ್ನು ಬರೆದಿಟ್ಟುಕೊಳ್ಳಿ. ಅಲ್ಲಿಗೆ ಮುಗಿಯಿತೆಂದುಕೊಳ್ಳದೆ, ಅವರು ನೋಡುತ್ತಿರುವಾಗಲೇ ನೀವೂ ಕಟ್ಟಿ, ತಪ್ಪಿದ್ದರೆ ತಿದ್ದಿಸಿಕೊಂಡು ಮತ್ತೆ ಕಟ್ಟಿ. ಅವರ ಸಹಾಯವಿಲ್ಲದೆ ನೀವು ಕಟ್ಟುವಂತಾದ ದಿನ ಆ ಗಂಟು ಇನ್ನೊಂದು ತಲೆಮಾರಿಗೆ ದಾಟಿತು ಎಂದು ತಿಳಿಯಿರಿ.